ಚೆನ್ನಾಗಿ ನಡೆದದ್ದೇ ತಪ್ಪಾದ ದಿನ

ನಾಲ್ಕು ವರ್ಷದ ಹಿಂದಿನ ಮಾತು. ಮಲ್ಟಿಪಲ್ ಸ್ಕ್ಲೆರೋಸಿಸ್, ಅಂದರೆ ಎಂಎಸ್ ಇರುವವರಿಗಾಗಿ ದೇಶದಾದ್ಯಂತ ಕೆಲಸ ಮಾಡುವ ಒಂದು ಸಂಸ್ಥೆಯಲ್ಲಿ ನಾನು ಸಮಾಜ ಕಾರ್ಯಕರ್ತೆ. ಹೆಬ್ಬಾಳದಿಂದ ಯಶವಂತಪುರದವರೆಗಿನ ರೋಗಿಗಳ ಮನೆಗಳು ನನ್ನ ಪಾಲಿಗೆ. ಈ ಕಾಯಿಲೆಯಲ್ಲಿ ದೇಹದ ರಕ್ಷಣಾ ವ್ಯವಸ್ಥೆಯೇ ಮಿದುಳು, ಬೆನ್ನುಹುರಿಯ ನರಗಳ ಹೊದಿಕೆಯನ್ನು ಹಾಳುಮಾಡುತ್ತದೆ. ಎಷ್ಟೋ ಜನರಿಗೆ ಮೈ ಬಿಸಿಯಾದರೆ ಕಾಲು ತಡವರಿಸುತ್ತದೆ, ತಂಪಾದರೆ ಮತ್ತೆ ಸರಿಹೋಗುತ್ತದೆ.

ಆರ್.ಟಿ. ನಗರದ ಸಲೀಂ ಸೋಲದೇವನಹಳ್ಳಿಯ ಒಂದು ಕಾಲೇಜಿನಲ್ಲಿ ಲ್ಯಾಬ್ ಅಟೆಂಡರ್. ತಮಗೆ ಎಂಎಸ್ ಇರುವುದನ್ನು ಅಲ್ಲಿ ಮುಚ್ಚಿಟ್ಟಿದ್ದರು. ಏಪ್ರಿಲ್ ಬಿಸಿಲಲ್ಲಿ ಒಂದು ಮಧ್ಯಾಹ್ನ ತೂರಾಡಿ ಬಿದ್ದರು. ಕುಡಿದು ಕೆಲಸಕ್ಕೆ ಬರುತ್ತಾರೆಂದು ಕಾಲೇಜು ವಿಚಾರಣೆಯ ನೋಟಿಸ್ ಕೊಟ್ಟಿತು. ಒಂದು ಹನಿಯೂ ಮುಟ್ಟದ ಮನುಷ್ಯ. ವಿಚಾರಣೆಯಲ್ಲಿ ಸೋತರೆ ಕೆಲಸ ಹೋಗುತ್ತಿತ್ತು. ಅದಕ್ಕಿಂತ ಹೆಚ್ಚಾಗಿ ಮಾನ ಹೋಗುತ್ತದೆಂದು ಅವರ ತಾಯಿ ಅಳುತ್ತಿದ್ದರು.

ನಾನು ಭಾರೀ ತಯಾರಿ ನಡೆಸಿದೆ. ವಿಚಾರಣೆಗೆ ಬೆಳಗಿನ ಹೊತ್ತನ್ನೇ ಕೇಳಿಕೊಂಡೆ. ಬಸ್ಸು ಬೇಡವೆಂದು ಎಸಿ ಕ್ಯಾಬ್ ಮಾಡಿಸಿದೆ, ಕುತ್ತಿಗೆಗೆ ಒದ್ದೆ ಟವೆಲ್ ಹಾಕಿಸಿದೆ. ಸಲೀಂ ಪ್ರಿನ್ಸಿಪಾಲರ ಕೋಣೆಗೆ ಮದುಮಗನ ಹಾಗೆ ನೆಟ್ಟಗೆ ನಡೆದು ಬಂದರು.

ಎಂಆರ್‌ಐ ವರದಿ, ಡಾಕ್ಟರ ಪತ್ರ ಎಲ್ಲ ಮುಂದಿಟ್ಟೆ. ಪ್ರಿನ್ಸಿಪಾಲರು ಪಕ್ಕಕ್ಕೆ ಸರಿಸಿದರು.

"ಕಾಗದ ಬಿಡಿ ಮೇಡಂ. ಕಾಯಿಲೆ ಇದ್ರೆ ಇವತ್ತು ಹೇಗೆ ಇಷ್ಟು ಚೆನ್ನಾಗಿ ನಡೀತಾರೆ? ಇವತ್ತು ಕುಡಿದಿಲ್ಲ, ಅಷ್ಟೇ."

ಮಾಡಿದ್ದುಣ್ಣೋ ಮಹಾರಾಯ. ಬಿಸಿಲು, ನರ ಎಂದು ಒಂದು ಗಂಟೆ ವಿವರಿಸಿದ್ದೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದಂತಾಯಿತು. ಪ್ರಿನ್ಸಿಪಾಲರು ಆದೇಶ ಬರೆಯಲು ಪೆನ್ನು ಎತ್ತಿಕೊಂಡರು. ಆಗ ಸಲೀಂ ಎದ್ದು ನಿಂತರು.

"ಸರ್, ಗ್ರೌಂಡ್ ಸುತ್ತಿ ಬರ್ತೀನಿ. ನೀವೇ ನಿಂತು ನೋಡಿ."

ಬೇಡವೆಂದು ತೋಳು ಹಿಡಿದೆ, ಬಿಡಿಸಿಕೊಂಡು ಹೊರಟರು. ಅಷ್ಟರಲ್ಲಿ ಬಿಸಿಲು ಚುರುಗುಟ್ಟುತ್ತಿತ್ತು. ಮೊದಲ ಸುತ್ತಿನಲ್ಲಿ ಏನೂ ಆಗಲಿಲ್ಲ. ಏನಾದರೂ ಆಗಲಿ ಎಂದು ನಾನು ಮನಸ್ಸಿನಲ್ಲೇ ಬೇಡಿಕೊಳ್ಳುತ್ತಿದ್ದೆ, ಹಾಗೆ ಬೇಡುವುದಕ್ಕೆ ನನ್ನ ಮೇಲೇ ಹೇಸಿಗೆಯೂ ಆಗುತ್ತಿತ್ತು. ಎರಡನೆಯ ಸುತ್ತಿಗೆ ಬಲಗಾಲು ಎಳೆಯತೊಡಗಿತು. ಮೂರನೆಯದರಲ್ಲಿ ಕುಸಿದರು. ಪ್ರಿನ್ಸಿಪಾಲರೇ ಓಡಿ ಹೋಗಿ ಹಿಡಿದುಕೊಂಡರು.

ಅರ್ಧ ಗಂಟೆ ಫ್ಯಾನಿನ ಕೆಳಗೆ ಕೂತ ಮೇಲೆ ಕಾಲು ಸರಿಹೋಯಿತು. ಅದನ್ನೂ ಪ್ರಿನ್ಸಿಪಾಲರು ಕಣ್ಣಾರೆ ನೋಡಿದರು. ನೋಟಿಸ್ ವಾಪಸ್ಸಾಯಿತು, ಸಲೀಂಗೆ ನೆಲಮಹಡಿಯಲ್ಲಿ ಕೂತು ಮಾಡುವ ಕೆಲಸ ಸಿಕ್ಕಿತು. ವಾಪಸ್ಸು ಬರುವಾಗ ಕ್ಯಾಬಿನಲ್ಲಿ ನಾನು ಗೆದ್ದೆವಲ್ಲ ಎಂದು ಸಂತೋಷದಿಂದ ಹೇಳಿದರೆ, ಸಲೀಂ ಕಿಟಕಿಯ ಕಡೆ ತಿರುಗಿಕೊಂಡರು.

"ಬಿದ್ದ ಮೇಲೇ ಅಲ್ವಾ ಮೇಡಂ ನಂಬಿದ್ದು."

ಈಗ ಹೊಸಬರು ಬಂದರೆ, ದಿನದಲ್ಲಿ ಅತಿ ಕಷ್ಟದ ಹೊತ್ತು ಯಾವುದೆಂದು ಮೊದಲು ಕೇಳುತ್ತೇನೆ. ಅದನ್ನು ಡಾಕ್ಟರ ಪತ್ರದ ಮೊದಲ ಸಾಲಿನಲ್ಲೇ ಬರೆಸಿ, ಅವರು ಒಪ್ಪಿದರೆ ಕೆಲಸ ಮಾಡುವ ಕಡೆ ನಾನೇ ಹೋಗಿ ತಿಳಿಸಿ ಬರುತ್ತೇನೆ. ಕಾಯಿಲೆ ಇದೆಯೆಂದು ತೋರಿಸಲು ಇನ್ನೊಬ್ಬರು ಬೀಳಬಾರದು.