ಖಾಲಿಯಾಗದ ಲೋಷನ್ ಬಾಟ್ಲಿ

ಎಂಬತ್ತರ ದಶಕದಲ್ಲಿ ನಾನು ಸಾಗರದ ಒಂದು ಆಸ್ಪತ್ರೆಯಲ್ಲಿ ಲ್ಯಾಬ್ ಟೆಕ್ನಿಷಿಯನ್. ಒಂದು ವಾರ ಆಪರೇಷನ್ ಆದ ಮೂವರ ಗಾಯದಲ್ಲೂ ಹಸಿರು ಕೀವು. ಅದರಲ್ಲಿದ್ದ ರೋಗಾಣುವನ್ನು ಬೆಳೆಸಿ, ನಮ್ಮಲ್ಲಿದ್ದ ಆಂಟಿಬಯಾಟಿಕ್‌ಗಳನ್ನೆಲ್ಲ ಹಾಕಿ ನೋಡಿದೆ. ಯಾವುದಕ್ಕೂ ಸಾಯಲಿಲ್ಲ. ಆ ಗಡಿಬಿಡಿಯಲ್ಲಿ ಗಾಜಿನ ಸ್ಲೈಡ್ ಒಡೆದು ಹೆಬ್ಬೆರಳು ಕೊಯ್ದುಕೊಂಡೆ.

ವಾರ್ಡಿಗೆ ಓಡಿದೆ. ಹೊಸನಗರ ಕಡೆಯ ಹಿರಿಯ ಸಿಸ್ಟರ್, ಗಾಯ ತೊಳೆಯುವ ಲೋಷನ್ನಿನಲ್ಲಿ ಹತ್ತಿ ಅದ್ದಿ ಬೆರಳಿಗೆ ಒತ್ತಿ ಬ್ಯಾಂಡೇಜ್ ಕಟ್ಟಿದರು.

"ಹೆದರ್ಬೇಡಿ. ನಾನು ಬಂದಾಗಿಂದ ಈ ಬಾಟ್ಲಿ ಖಾಲಿಯಾಗೋಕೆ ಬಿಟ್ಟಿಲ್ಲ. ದಿನಾ ಬೆಳಿಗ್ಗೆ ಮೇಲಿಂದ ಹೊಸದು ತುಂಬ್ತೀನಿ" ಅಂದರು ಹೆಮ್ಮೆಯಿಂದ.

"ತೊಳೆಯೋದು ಯಾವಾಗ, ಸಿಸ್ಟರ್?"

"ರೋಗಾಣು ಕೊಲ್ಲೋ ಔಷಧಿ ಬಾಟ್ಲಿನ ಯಾರಾದ್ರೂ ತೊಳೀತಾರಾ?"

ಹತ್ತಿ ಸುತ್ತಿದ ಕಡ್ಡಿಯಿಂದ ಬಾಟ್ಲಿಯ ಒಳಬದಿ ತಿಕ್ಕಿದೆ. ಬಚ್ಚಲ ಕಲ್ಲಿನ ಪಾಚಿಯಂಥ ಲೋಳೆ ಎದ್ದುಬಂತು. ಲ್ಯಾಬಿನಲ್ಲಿ ಅದನ್ನು ಬೆಳೆಸಿದರೆ ಮಾರನೇ ದಿನ ಅದೇ ಹಸಿರು. ಲೋಳೆಯ ಮರೆಯಲ್ಲಿ ಆ ರೋಗಾಣುಗಳು ಔಷಧಿಯೊಳಗೇ ಸಂಸಾರ ಹೂಡಿದ್ದವು.

ಬಾಟ್ಲಿ ಹೊರಗೆ ಹೋಯಿತು. ಸಿಸ್ಟರ್ ಮೂರು ದಿನ ನನ್ನ ಜೊತೆ ಮಾತು ಬಿಟ್ಟರು. ನಾಲ್ಕನೇ ದಿನ ಲ್ಯಾಬ್ ಬಾಗಿಲಲ್ಲಿ ನಿಂತು, "ಬೆರಳು ಹೇಗಿದೆ?" ಅಂದರು.

ಹೆದರಿ ನಾನಿನ್ನೂ ಬ್ಯಾಂಡೇಜ್ ಬಿಚ್ಚಿರಲಿಲ್ಲ. ಕೈ ಚಾಚಿ, "ನೀವೇ ಬಿಚ್ಚಿ ನೋಡಿ" ಅಂದೆ.

ಇಷ್ಟು ವರ್ಷ ಎಂಥೆಂಥ ಗಾಯ ಬಿಚ್ಚಿದ್ದ ಆಕೆ ಒಂದು ಹೆಜ್ಜೆ ಹಿಂದೆ ಸರಿದು, "ನೀವೇ ಬಿಚ್ಚಿ" ಅಂದರು.