ನಮ್ಮ ಭಾವ ಚಾಕು ಕೊಂಡದ್ದು

ನಮ್ಮ ಭಾವ ಗೋಡೆಬಣ್ಣದ ಅಂಗಡಿಯಲ್ಲಿ ಬಣ್ಣ ಬೆರೆಸುವ ಮೆಷಿನ್ನಿನ ಪಕ್ಕ ನಿಲ್ಲುವವರು. ಗಿರಾಕಿಗಳು ಹತ್ತಾರು ಬಗೆಯ ಬಿಳಿ ನೋಡಿ, ಮನೆಗೆ ಹೋಗಿ ಜಗಳವಾಡಿ, ಮತ್ತೆ ಬಂದು ಮೊದಲು ನೋಡಿದ ಬಿಳಿಯನ್ನೇ ಒಯ್ದರೂ ಮುಖ ಸಿಂಡರಿಸಿದವರಲ್ಲ. ಇರುವೆ ಕಚ್ಚಿದರೆ ಮೆಲ್ಲಗೆ ಊದಿ ಕಳಿಸುವ ಮನುಷ್ಯ. ಅಂಥವರಿಗೆ ಚಾಕು ಬೇಕು ಅನ್ನಿಸಿದ್ದು ಔಷಧಿ ಅಂಗಡಿಯಲ್ಲಿ.

ಸಾಲಿನಲ್ಲಿ ನಿಂತಿದ್ದಾಗ ಯಾರೋ ಒಬ್ಬ ಮೊಣಕೈಯಿಂದ ಅವರನ್ನು ಪಕ್ಕಕ್ಕೆ ತಳ್ಳಿ ಮುಂದೆ ಹೋದ. ಭಾವ "ಇರಲಿ ಬಿಡಿ" ಅಂದರು. ಅವನು ತಿರುಗಿಯೂ ನೋಡಲಿಲ್ಲ. ನಡೆದದ್ದು ಇಷ್ಟೇ. ಆದರೆ ಮನೆಗೆ ಬಂದು ಅಕ್ಕನಿಗೆ ಹೇಳುವ ಹೊತ್ತಿಗೆ ಅವನಿಗೆ ಮೀಸೆ ಬಂದಿತ್ತು. ಊಟಕ್ಕೆ ಕೂರುವಷ್ಟರಲ್ಲಿ ಕೆನ್ನೆಯ ಮೇಲೆ ಗಾಯದ ಗುರುತು ಮೂಡಿತ್ತು. ಭಾನುವಾರ ನನಗೆ ಹೇಳುವಾಗ ಅವನ ಜೊತೆ ಇನ್ನಿಬ್ಬರು ಸೇರಿಕೊಂಡಿದ್ದರು. ಕಾಲ ಕೆಟ್ಟುಹೋಗಿದೆ, ಕೈಯಲ್ಲಿ ಏನಾದರೂ ಇರಬೇಕು ಎಂದರು ಭಾವ. ಕೈಯಲ್ಲಿ ಔಷಧಿ ಇರಬೇಕಿತ್ತು, ಅದೆಲ್ಲಿ ಎಂದು ಅಕ್ಕ ಕೇಳಿದಳು. ಅದನ್ನು ತರುವುದೇ ಮರೆತುಹೋಗಿತ್ತು.

ಅಂದಿನಿಂದ ಅವರ ಗಿರಾಕಿಗಳೆಲ್ಲರ ಆಯ್ಕೆಯ ರೋಗ ಒಟ್ಟಾಗಿ ಅವರಿಗೇ ಅಂಟಿಕೊಂಡಿತು. ಮೊಬೈಲಿನಲ್ಲಿ ಚಾಕುಗಳ ವೀಡಿಯೊ ಬಿಟ್ಟು ಬೇರೇನೂ ಇಲ್ಲ. ಒಂದು ಬಗೆಯ ಉಕ್ಕು ಚೆನ್ನಾಗಿ ಹರಿತವಾಗುತ್ತದೆ, ಆದರೆ ತುಕ್ಕು ಹಿಡಿಯುತ್ತದೆ. ಇನ್ನೊಂದಕ್ಕೆ ತುಕ್ಕಿಲ್ಲ, ಆದರೆ ಬೇಗ ಮೊಂಡಾಗುತ್ತದೆ. ಮಡಚುವ ಚಾಕು ಜೇಬಿಗೆ ಸರಿ, ಆದರೆ ಲಾಕ್ ಸಡಿಲವಿದ್ದರೆ ನಮ್ಮ ಬೆರಳಿಗೇ ಸಂಚಕಾರ. ಇದನ್ನೆಲ್ಲ ಅವರು ಊಟದ ಮೇಜಿನ ಮೇಲೆ ಚಮಚ ಹಿಡಿದು ವಿವರಿಸುತ್ತಿದ್ದರು. ಅತ್ತ ಅಡುಗೆಮನೆಯಲ್ಲಿ ಅಕ್ಕ, ಹಿಡಿ ಅಲ್ಲಾಡುವ ಮೊಂಡು ಚಾಕುವಿನಿಂದ ಟೊಮೆಟೊ ಹೆಚ್ಚುತ್ತಿದ್ದಳೋ ಜಜ್ಜುತ್ತಿದ್ದಳೋ ಹೇಳುವುದು ಕಷ್ಟ. ಅದಕ್ಕೊಂದು ಸಾಣೆ ಹಿಡಿಸಿಕೊಂಡು ಬನ್ನಿ ಎಂದು ಅವಳು ಹೇಳುತ್ತಲೇ ಇದ್ದಳು. ಅದು ಅಡುಗೆಯ ಚಾಕು, ಅದರ ವಿಷಯವೇ ಬೇರೆ ಎಂಬುದು ಭಾವನ ಉತ್ತರ.

ಕೊನೆಗೊಂದು ದಿನ ನನ್ನನ್ನೂ ಎಳೆದುಕೊಂಡು ಚಾಕುವಿನ ಅಂಗಡಿಗೆ ಹೋದರು. ಅಂಗಡಿಯವನು ಗಾಜಿನ ಪೆಟ್ಟಿಗೆಯ ಬೀಗ ತೆಗೆಯುತ್ತ ಕೇಳಿದ: "ಏನು ಕೊಯ್ಯೋಕೆ ಸರ್? ತರಕಾರಿನಾ, ಹಗ್ಗಾನಾ, ರಟ್ಟಾ?"

ಭಾವ ದನಿ ತಗ್ಗಿಸಿ "ಆತ್ಮರಕ್ಷಣೆಗೆ" ಅಂದರು.

ಅವನು ಎರಡು ಕ್ಷಣ ಭಾವನ ಮುಖ, ಹೊಟ್ಟೆ, ತೋಳು ನೋಡಿದ. ಆಮೇಲೆ ವ್ಯಾಪಾರ ಬಿಡುವುದುಂಟೇ, ಅಂಗಡಿಯಲ್ಲಿದ್ದುದರಲ್ಲೆಲ್ಲ ದುಬಾರಿಯದನ್ನು ಮುಂದಿಟ್ಟ. ಕಪ್ಪು ಹಿಡಿ, ಬೆರಳುದ್ದದ ಅಲಗು, ತುಕ್ಕು ಹಿಡಿಯದ ಉಕ್ಕು. ಇದು ನಿಮ್ಮ ಮಕ್ಕಳ ಕಾಲಕ್ಕೂ ಬಾಳಿಕೆ ಬರುತ್ತದೆ ಎಂದ. ಮಕ್ಕಳಿಗೆ ಶತ್ರುಗಳನ್ನೂ ಹೀಗೇ ಕೂಡಿಡಬೇಕಾ ಭಾವ ಎಂದು ನಾನು ಕೇಳಿದೆ. ಅವರಿಗೆ ಕೇಳಿಸಲಿಲ್ಲ. ಅಲಗಿನಲ್ಲಿ ತಮ್ಮ ಮೂಗು ನೋಡಿಕೊಳ್ಳುತ್ತಿದ್ದರು.

ಚಾಕು ಬಂದ ಮೇಲೆ ಅಭ್ಯಾಸ ಶುರುವಾಯಿತು. ಒಂದೇ ಕೈಯಲ್ಲಿ, ಹೆಬ್ಬೆರಳಿನಿಂದ ತಳ್ಳಿ, ತಟ್ಟನೆ ಬಿಚ್ಚಬೇಕು. ಮೊದಲ ವಾರ ಕಿಟಕಿಯ ಪರದೆ ಹರಿಯಿತು, ಎರಡನೆಯ ವಾರ ಸೋಫಾ. ಮೂರನೆಯದು ಹೆಬ್ಬೆರಳು. ಮನೆಯೊಳಗೆ ಅದನ್ನು ಬಿಚ್ಚಿದರೆ ನೀವು ಹೊರಗೇ ಮಲಗಿ ಎಂದು ಅಕ್ಕ ಕಟ್ಟಪ್ಪಣೆ ಮಾಡಿದಳು. ಆಮೇಲೆ ಅಭ್ಯಾಸ ಎಲ್ಲಿ ನಡೆಯುತ್ತಿದೆ ಎಂದು ಯಾರೂ ಕೇಳಲಿಲ್ಲ, ಅವರೂ ಹೇಳಲಿಲ್ಲ.

ಹೀಗಿರುವಾಗ ಒಂದು ಸಂಜೆ ಬಿಲ್ಡಿಂಗಿನ ವಾಟ್ಸಾಪ್ ಗುಂಪಿನಲ್ಲಿ ಬಾಂಬ್ ಬಿತ್ತು. ಮೂರನೇ ಮಹಡಿಯ ಸಂಗೀತದ ಟೀಚರ್ ಲಿಫ್ಟಿಗಾಗಿ ಕಾದಿದ್ದರಂತೆ. ಬಾಗಿಲು ತೆರೆದರೆ ಒಳಗೆ ಹೆಲ್ಮೆಟ್ ಹಾಕಿಕೊಂಡ ಒಬ್ಬ, ಬೆನ್ನು ಮಾಡಿ ನಿಂತಿದ್ದಾನೆ, ಕೈಯಲ್ಲಿ ಚಾಕು. ಪುಣ್ಯಕ್ಕೆ ಅವನು ತಿರುಗುವ ಮೊದಲೇ ಬಾಗಿಲು ಮುಚ್ಚಿಕೊಂಡಿತು. ಸಂಘದ ಅಧ್ಯಕ್ಷರು ಈ ಸುದ್ದಿಗೆ ತಮ್ಮ ಕೈಯಿಂದ ಸ್ವಲ್ಪ ಉಪ್ಪು ಖಾರ ಸೇರಿಸಿ, ಆರಡಿ ಎತ್ತರದ ದಾಂಡಿಗ, ಎಲ್ಲರೂ ಎಚ್ಚರ ಎಂದು ಬರೆದರು.

ಭಾವ ಐದಡಿ ಮೂರಂಗುಲ. ಓದಿ, ಮೊಬೈಲನ್ನು ಅಕ್ಕನ ಮುಂದೆ ಹಿಡಿದು, ನಾನು ಹೇಳಿರಲಿಲ್ವಾ ಎಂದರು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡವರನ್ನು ಕಂಡಿದ್ದೇವೆ. ಹೆಗಲ ಮೇಲೆ ಕುಂಬಳಕಾಯಿ ಇಟ್ಟುಕೊಂಡೇ ಕಳ್ಳನನ್ನು ಹುಡುಕಲು ಹೊರಟವರು ನಮ್ಮ ಭಾವ ಒಬ್ಬರೇ.

ಕಾವಲು ಸಮಿತಿ ಆಯಿತು. ಚಾಕುವಿನ ವಿಷಯ ತಿಳಿದವರು ಎಂಬ ಕಾರಣಕ್ಕೆ ಭಾವನನ್ನೇ ಸಲಹೆಗಾರರನ್ನಾಗಿ ಮಾಡಿದರು. ಜೀವನದಲ್ಲಿ ಮೊದಲ ಸಲ ಜನ ಅವರ ಮಾತು ಮುಗಿಯುವವರೆಗೂ ಕೇಳಿದರು. ನೆಲಮಹಡಿಯ ದಂತವೈದ್ಯರು, ಎದುರು ಮನೆಯ ನಿವೃತ್ತ ಮೇಷ್ಟ್ರು, ಅಧ್ಯಕ್ಷರು, ಎಲ್ಲರೂ ಇವರ ಶಿಫಾರಸಿನ ಮೇಲೆ ಒಂದೊಂದು ಚಾಕು ಕೊಂಡರು. ಹೊಟ್ಟೆಗಿಂತ ಎದೆ ಮುಂದೆ ಬರುವಂತೆ ನಡೆಯುವುದನ್ನು ಭಾವ ಕಲಿತದ್ದು ಆಗಲೇ.

ಸಮಿತಿ ಆದಮೇಲೆ ಯಾರನ್ನಾದರೂ ಹಿಡಿಯಬೇಕಲ್ಲ. ಸಿಕ್ಕಿದವನು ಪಾರ್ಸಲ್ ತರುವವನು. ದಿನಾ ಬರುತ್ತಿದ್ದ, ಹೆಲ್ಮೆಟ್ ಹಾಕಿಕೊಂಡೇ ಬರುತ್ತಿದ್ದ, ಎತ್ತರವಾಗಿದ್ದ. ಲಿಫ್ಟ್ ಕೆಟ್ಟ ದಿನ ಅಕ್ಕನ ಅಕ್ಕಿ ಮೂಟೆಯನ್ನು ಮೇಲಕ್ಕೆ ಹೊತ್ತು ತಂದವನೂ ಅವನೇ. ಗೇಟಿನಲ್ಲಿ ನಿಲ್ಲಿಸಿ ಚೀಲ ತಡಕಿದರೆ ಒಂದು ಕಟರ್ ಸಿಕ್ಕಿತು.

"ಟೇಪ್ ಕೊಯ್ಯೋಕೆ ಸರ್" ಅಂದ ಅವನು.

ಎಲ್ಲರೂ ಸಲಹೆಗಾರರ ಕಡೆ ತಿರುಗಿದರು. ಭಾವ ಕಟರನ್ನು ಬೆಳಕಿಗೆ ಹಿಡಿದು, ಅಲಗು ಮುಂದೆ ತಳ್ಳಿ, ಹಿಂದೆ ಎಳೆದು, "ಕೊಯ್ಯೋ ಆಯುಧ ಆಯುಧವೇ" ಎಂದು ತೀರ್ಪು ಕೊಟ್ಟರು.

ಅಧ್ಯಕ್ಷರು ಕಟರನ್ನು ವಾಚ್‌ಮನ್ ವಶಕ್ಕೆ ಕೊಟ್ಟು, ಪಾರ್ಸಲ್‌ನವನ ಕಂಪನಿಗೆ ದೂರು ಕಳಿಸಿದರು. ಮರುದಿನದಿಂದ ಅವನು ಬರಲಿಲ್ಲ. ಅಕ್ಕ ಆ ರಾತ್ರಿ ಭಾವನ ತಟ್ಟೆಗೆ ಬರೀ ಅನ್ನ ಬಡಿಸಿ ಎದ್ದುಹೋದಳು.

ಮುಂದಿನ ಭಾನುವಾರ ಸಮಿತಿಗೆ ಸನ್ಮಾನ. ನಾನೂ ಹೋಗಿದ್ದೆ, ತಿಂಡಿ ಇದೆ ಅಂದಿದ್ದರು. ಅಧ್ಯಕ್ಷರ ಭಾಷಣ ಮುಗಿದ ಮೇಲೆ ದಂತವೈದ್ಯರು, ನೀವು ಒಂದೇ ಕೈಯಲ್ಲಿ ಬಿಚ್ಚುತ್ತೀರಂತೆ, ತೋರಿಸಿ ಎಂದರು. ಕತ್ತಲಲ್ಲೂ ಬಿಚ್ಚಲು ಬರಬೇಕು, ಆದ್ದರಿಂದ ಕಣ್ಣು ಮುಚ್ಚಿ ಅಭ್ಯಾಸ ಮಾಡಬೇಕು ಎಂದು ಭಾವ ವಿವರಿಸಿ, ಕಣ್ಣು ಮುಚ್ಚಿ, ಹೆಬ್ಬೆರಳು ತಳ್ಳಿದರು. ಟಿಕ್, ಟಕ್. ಚಪ್ಪಾಳೆ ಬಿತ್ತು.

ಚಪ್ಪಾಳೆ ನಿಂತ ಮೇಲೆ ಸಂಗೀತದ ಟೀಚರ್ ಇನ್ನೊಂದು ಸಲ ಮಾಡಿ ಎಂದರು. ಭಾವ ಖುಷಿಯಿಂದ ಮಾಡಿದರು.

"ಅವತ್ತು ಲಿಫ್ಟಲ್ಲಿ ಕೇಳಿದ್ದು ಇದೇ ಶಬ್ದ" ಅಂದರು ಟೀಚರ್.

ಎಲ್ಲ ಚಾಕುವೂ ಹೀಗೇ ಶಬ್ದ ಮಾಡುತ್ತದೆ ಎಂದು ಅಧ್ಯಕ್ಷರು ಅಡ್ಡಬಂದರು. ಹಾಗಾದರೆ ನಿಮ್ಮದನ್ನೂ ಬಿಚ್ಚಿ ಎಂದರು ಟೀಚರ್. ಅಧ್ಯಕ್ಷರ ಚಾಕು ಬೇರೆಯೇ ರಾಗ ಹಾಡಿತು, ಮೇಷ್ಟ್ರದು ಬಿಚ್ಚಿಕೊಳ್ಳಲೇ ಇಲ್ಲ. ಆಗ ಅಕ್ಕ ಎದ್ದು ನಿಂತಳು.

"ರೀ, ಲಿಫ್ಟಲ್ಲಿ ಪ್ರಾಕ್ಟೀಸ್ ಮಾಡ್ತಿದ್ರಾ?"

ಭಾವನ ದನಿ ಬಣ್ಣದಂಗಡಿಯ ದನಿಯಾಗಿತ್ತು. "ಅಲ್ಲಿ ಕನ್ನಡಿ ಇದೆಯಲ್ಲ..."

"ಕಣ್ಣು ಮುಚ್ಚಿಕೊಂಡೋರಿಗೆ ಕನ್ನಡಿ ಯಾಕೆ?"

ಹೆಲ್ಮೆಟ್ ಯಾಕೆ ಹಾಕಿಕೊಂಡಿದ್ದಿರಿ ಎಂದು ಯಾರೋ ಕೇಳಿದರು. ಸ್ಕೂಟರಿನಿಂದ ಇಳಿದು ನೇರ ಬಂದಿದ್ದೆ, ತೆಗೆಯಲು ಕೈ ಖಾಲಿ ಇರಲಿಲ್ಲ ಎಂದರು ಭಾವ. ಯಾರೂ ನಗಲಿಲ್ಲ. ನಗಬೇಕಾದವರೆಲ್ಲರ ಜೇಬಿನಲ್ಲೂ ಒಂದೊಂದು ಚಾಕು ಇತ್ತು.

ಸಂಘದವರು ಸುಮ್ಮನೆ ಕೂರಲಿಲ್ಲ. ಅಂದೇ ಠರಾವು ಮಾಡಿ ಲಿಫ್ಟಿನ ಕನ್ನಡಿ ತೆಗೆಸಿದರು. ಗುಂಪಿನಲ್ಲಿ "ಗೊಂದಲ ಬಗೆಹರಿದಿದೆ, ಸಹಕಾರಕ್ಕೆ ಧನ್ಯವಾದ" ಎಂಬ ಸಂದೇಶ ಬಂತು. ಪಾರ್ಸಲ್‌ನವನ ಮಾತೇ ಅದರಲ್ಲಿರಲಿಲ್ಲ.

ಅಕ್ಕನೇ ಮರುದಿನ ಭಾವನನ್ನು ಪಾರ್ಸಲ್ ಗೋದಾಮಿಗೆ ಹೊರಡಿಸಿದಳು. ಜೊತೆಗೆ ಅವಳೂ ನಾನೂ. ಅವನನ್ನು ಮನೆಮನೆಗೆ ಹಂಚುವ ಕೆಲಸದಿಂದ ತೆಗೆದು, ಒಳಗೆ ಪೆಟ್ಟಿಗೆ ವಿಂಗಡಿಸಲು ಹಾಕಿದ್ದರು. ಭಾವ ತಪ್ಪಾಯ್ತು ಅನ್ನುವ ಬದಲು, ಕಟರಿನ ಅಲಗಿಗೂ ಮಡಚುವ ಚಾಕುವಿಗೂ ಇರುವ ವ್ಯತ್ಯಾಸದಿಂದ ಶುರುಮಾಡಿದರು. ಅಕ್ಕ ಕೆಮ್ಮಿದಳು. ಆಗ "ನನ್ನಿಂದ ತಪ್ಪಾಯ್ತಪ್ಪ. ಅವತ್ತು ಲಿಫ್ಟಲ್ಲಿದ್ದೋನು ನಾನೇ" ಅಂದರು. ಹೇಳುವಾಗ ಕಣ್ಣು ಒದ್ದೆಯಾಗಿತ್ತು. ಅದು ನಾಟಕವಲ್ಲ, ನಾನು ಪಕ್ಕದಲ್ಲೇ ಇದ್ದೆ.

ಅವನು ಪೆಟ್ಟಿಗೆ ಕೆಳಗಿಟ್ಟು ಕೇಳಿದ: "ನಿಮ್ಮ ಚಾಕು ಕಿತ್ಕೊಂಡ್ರಾ ಸರ್?"

"ಇಲ್ಲ."

"ನನ್ನ ಕಟರ್ ಇನ್ನೂ ನಿಮ್ಮ ವಾಚ್‌ಮನ್ ಹತ್ರಾನೇ ಇದೆ."

ಅದನ್ನು ತಂದುಕೊಡುತ್ತೇನೆ, ಅಧ್ಯಕ್ಷರ ಹತ್ತಿರ ಮಾತಾಡಿ ನಿನ್ನನ್ನು ಮತ್ತೆ ನಮ್ಮ ಬಿಲ್ಡಿಂಗಿಗೇ ಹಾಕಿಸುತ್ತೇನೆ ಎಂದರು ಭಾವ. ಅವನು ಬೇಡವೆಂದ. "ಮನೇಲಿ ಹೆದರ್ತಾರೆ ಸರ್. ಅಲ್ಲಿ ಎಲ್ರ ಹತ್ರಾನೂ ಚಾಕು ಇರುತ್ತಂತೆ."

ಈ ಮಾತು ಅವನ ಜೊತೆಗಾರರಿಗೂ ಹಬ್ಬಿತು. ಈಗ ನಮ್ಮ ಅಕ್ಕನ ಬಿಲ್ಡಿಂಗಿಗೆ ಯಾರೂ ಪಾರ್ಸಲ್ ತರುವುದಿಲ್ಲ. ಅಧ್ಯಕ್ಷರು, ದಂತವೈದ್ಯರು, ಭಾವ, ಎಲ್ಲರೂ ಗೋದಾಮಿಗೇ ಹೋಗಿ ಕಿಟಕಿಯ ಮುಂದೆ ನಿಲ್ಲಬೇಕು. ಕಿಟಕಿಯ ಹಿಂದೆ ಅವನೇ. ಭಾವನನ್ನು ಕಂಡಾಗಲೆಲ್ಲ ನಗದೆ, ಬಯ್ಯದೆ, ಗುರುತಿನ ಚೀಟಿ ತೋರಿಸಿ ಅನ್ನುತ್ತಾನೆ. ಚೀಟಿ ನೋಡಿ, ಮುಖ ನೋಡಿ, ಮತ್ತೆ ಚೀಟಿ ನೋಡಿ ಪೆಟ್ಟಿಗೆ ಕೊಡುತ್ತಾನೆ.

ಇಷ್ಟು ಸಲ ಹೋದರೂ ಗುರುತೇ ಇಲ್ಲದವನ ಹಾಗೆ ನೋಡ್ತಾನೆ ಎಂದು ಭಾವ ಮನೆಯಲ್ಲಿ ಗೊಣಗಿದರು.

"ಗುರುತು ಇದೆ, ಅದಕ್ಕೇ" ಅಂದಳು ಅಕ್ಕ.