ಬೇಟೆಗಾರನ ಪಾದ

ಮೊನ್ನೆ ದಿಲ್‌ಸುಖ್‌ನಗರದಲ್ಲಿ ಕೊಂಡ ಹೊಸ ಬೂಟಿನ ಡಬ್ಬಿ ಬಿಚ್ಚಿದಾಗ ಒಳಗಿಂದ ಸಣ್ಣದೊಂದು ಪೊಟ್ಟಣ ಕೆಳಗೆ ಬಿತ್ತು. ತೇವ ಹೀರುವ ಹರಳುಗಳ ಪೊಟ್ಟಣ. ಎಲ್ಲರೂ ಕಸಕ್ಕೆ ಹಾಕುವಂಥದ್ದು. ನಾನೂ ಹಾಕಲು ಹೊರಟವನು ಹಾಗೇ ನಿಂತುಬಿಟ್ಟೆ. ಮೇಲಿನ ಮನೆಯ ಕಾಕಾ ಇದ್ದಿದ್ದರೆ ಅದನ್ನು ಕೈಯಿಂದ ಕಸಿದುಕೊಂಡೇ ಹೋಗುತ್ತಿದ್ದರು...

ಮಲ್ಕಾಜ್‌ಗಿರಿಯ ನಮ್ಮ ಬಿಲ್ಡಿಂಗಿನಲ್ಲಿ ಎಲ್ಲರೂ ಅವರನ್ನು ಕಾಕಾ ಅಂತಲೇ ಕರೆಯುತ್ತಿದ್ದರು. ರಾಯಚೂರು ಕಡೆಯವರು, ರೈಲ್ವೆಯಲ್ಲಿ ಸಿಗ್ನಲ್ ರಿಪೇರಿ ಕೆಲಸ. ಮೈಸೂರಿನಿಂದ ಬಂದು ಕಂಪ್ಯೂಟರ್ ಕಂಪನಿ ಸೇರಿದ್ದ ನನಗೂ ಅವರಿಗೂ ಇದ್ದ ನಂಟು ಒಂದೇ: ನಕ್ಷತ್ರಗಳ ಫೋಟೊ ತೆಗೆಯುವ ಹುಚ್ಚು. ನನ್ನದು ಹೊರದೇಶದಿಂದ ತರಿಸಿದ ಟೆಲಿಸ್ಕೋಪು. ಅವರದು ಯಾರೋ ಬಳಸಿ ಬಿಟ್ಟ ಕ್ಯಾಮೆರಾ, ನಕ್ಷತ್ರಗಳ ಜೊತೆಗೇ ಅದನ್ನು ತಿರುಗಿಸಲು ತಾವೇ ಜೋಡಿಸಿಕೊಂಡ ಒಂದು ಮೋಟರು. ಆದರೂ ನಮ್ಮಂಥ ಹವ್ಯಾಸಿಗಳ ಮೊಬೈಲ್ ಗುಂಪಿನಲ್ಲಿ ಅವರ ಚಿತ್ರ ಬಂದರೆ ಜನ ಹೊಗಳಿ ಹೊಗಳಿ ಸುಸ್ತಾಗುತ್ತಿದ್ದರು. ನನ್ನ ಚಿತ್ರಕ್ಕೆ ನಾಲ್ಕು ಜನ ಹೆಬ್ಬೆರಳು ತೋರಿಸಿ ಸುಮ್ಮನಾಗುತ್ತಿದ್ದರು. ಮುಚ್ಚಿಡುವುದೇನು, ನನಗೆ ಹೊಟ್ಟೆ ಉರಿಯುತ್ತಿತ್ತು.

ಮಳೆಗಾಲದ ನಾಲ್ಕು ತಿಂಗಳು ನಮ್ಮಂಥವರಿಗೆ ಕೈಕಾಲು ಕಟ್ಟಿಹಾಕಿದ ಹಾಗೆ. ನಾನು ಮೋಡವನ್ನು ಬೈಯುತ್ತ, ಇನ್ನೂ ಯಾವ ಹೊಸ ಸಾಮಾನು ತರಿಸಲಿ ಅಂತ ಮೊಬೈಲು ತಿಕ್ಕುತ್ತ ಬಿದ್ದಿರುತ್ತಿದ್ದೆ. ಕಾಕಾ ಮಾತ್ರ, 'ಮಾಡ ಮುಸುಕಿದ್ರ ನಮಗ ಭಾಳ ಕೆಲಸ ಬಿಡ್ರಿ' ಅನ್ನುತ್ತಿದ್ದರು. ಸುಲ್ತಾನ್ ಬಜಾರಿನ ಚಪ್ಪಲಿ ಅಂಗಡಿಗಳಿಂದ ಬೇಡಿ ತಂದ ಆ ಹರಳುಗಳನ್ನು ಬಾಣಲೆಯಲ್ಲಿ ಹದವಾಗಿ ಬಿಸಿ ಮಾಡಿ, ಲೆನ್ಸಿಗೆ ಬೂಸು ಹಿಡಿಯದಂತೆ ಡಬ್ಬಿಯಲ್ಲಿ ಇಡುತ್ತಿದ್ದರು. ಮುಚ್ಚಳ ಹಾಕಿದ ಕ್ಯಾಮೆರಾವನ್ನು ಫ್ರಿಜ್ಜಿನಲ್ಲಿ ಮೊಸರಿನ ಪಾತ್ರೆಯ ಪಕ್ಕ ಇಟ್ಟು ಬರೀ ಕತ್ತಲೆಯ ಫೋಟೊ ತೆಗೆಯುತ್ತಿದ್ದರು. ಫ್ರಿಜ್ಜಿನೊಳಗೆ ಚಳಿಗಾಲದ ರಾತ್ರಿಯಷ್ಟೇ ತಂಪು; ಅಂಥ ತಂಪಿನಲ್ಲಿ ಕ್ಯಾಮೆರಾ ತಾನಾಗಿಯೇ ಹುಟ್ಟಿಸುವ ಸುಳ್ಳು ಚುಕ್ಕೆಗಳೆಲ್ಲ ಆ ಕತ್ತಲೆಯಲ್ಲಿ ಸಿಕ್ಕಿಬೀಳುತ್ತವೆ. ಆಮೇಲೆ ಅಸಲಿ ಚಿತ್ರದಿಂದ ಅವನ್ನು ಕಳೆದರಾಯಿತು. ಮೊಸರು ತೆಗೆಯಲು ಹೋದಾಗಲೆಲ್ಲ ಅವರ ಹೆಂಡತಿ, ನಮ್ಮೆಲ್ಲರ ಕಾಕು, ಗಂಡನನ್ನು ಗದರುತ್ತಿದ್ದರು. ಇದೆಲ್ಲ ನನಗೂ ಗೊತ್ತಿತ್ತು. ಮಾಡುವ ತಾಳ್ಮೆ ಇರಲಿಲ್ಲ, ಅಷ್ಟೇ.

ಅವರಿಗೊಂದು ದೊಡ್ಡ ಆಸೆಯಿತ್ತು. ಬೇಟೆಗಾರನ ಹಾಗೆ ಕಾಣುವ ಮಹಾವ್ಯಾಧ ನಕ್ಷತ್ರಪುಂಜವನ್ನು ನಾಲ್ಕು ತುಂಡಾಗಿ ತೆಗೆದು ಒಂದೇ ಚಿತ್ರವಾಗಿ ಹೊಲಿಯಬೇಕು. ಜನವರಿಯಲ್ಲಿ ಇಬ್ಬರೂ ಊರಾಚೆಯ ಬಯಲಿಗೆ ಹೋಗಿದ್ದಾಗ ಅವರು ಮೂರು ತುಂಡು ಮುಗಿಸಿದರು. ಬೇಟೆಗಾರನ ಪಾದದ ಕಡೆ ಕ್ಯಾಮೆರಾ ತಿರುಗಿಸುವಷ್ಟರಲ್ಲಿ ಮೋಡ ಕವಿಯಿತು. ನಾನು ಮೊದಲಿನಿಂದಲೂ ಆ ಪಾದವನ್ನೇ ತೆಗೆಯುತ್ತ ಕೂತಿದ್ದೆ. ಆಮೇಲೆ ಅವರಿಗೆ ರಜೆ ಸಿಕ್ಕಾಗ ಆಕಾಶ ಸಿಗಲಿಲ್ಲ, ಆಕಾಶ ಸಿಕ್ಕಾಗ ರಜೆ ಸಿಗಲಿಲ್ಲ. ಬೇಸಿಗೆ ಹೊತ್ತಿಗೆ ಬೇಟೆಗಾರ ಮುಳುಗಿಯೇ ಹೋದ.

ಜುಲೈನಲ್ಲಿ ಒಂದು ಸಂಜೆ ನನ್ನನ್ನು ಮೇಲೆ ಕರೆದು, ಮೂರು ತುಂಡು ಸೇರಿಸಿದ ಚಿತ್ರ ತೋರಿಸಿದರು. ಅಂಥ ಚಿತ್ರ ನನ್ನ ಜನ್ಮದಲ್ಲಿ ನನ್ನಿಂದ ಆಗುವುದಿಲ್ಲ ಅಂತ ಆಗಲೇ ಗೊತ್ತಾಗಿಹೋಯಿತು.

'ಸಪ್ಟೆಂಬರಿಗೆ ರಿಟೈರ್ ಆಗ್ತೀನ್ರಿ. ಆಫೀಸಿನ್ಯಾಗ ಎಲ್ಲಾರಿಗೂ ಇದನ್ನ ತೋರಿಸಿ ಹೊರಗ ಬೀಳ್ಬೇಕಂತ ಆಸೆ. ನಿಮ್ಮ ಕಡೆ ಆ ಪಾದ ಐತಲ್ರಿ, ಕೊಡ್ರಿ. ಇಬ್ಬರ ಹೆಸರೂ ಹಾಕೂಣು.'

'ಅಯ್ಯೋ ಕಾಕಾ, ಅದೆಲ್ಲ ಅಳಿಸಿಹೋಯ್ತು. ಡಿಸ್ಕೇ ಕೆಟ್ಟುಹೋಯ್ತು,' ಅಂದೆ. ಮೊದಲೇ ಯೋಚಿಸಿಟ್ಟದ್ದಲ್ಲ. ಬಾಯಿಂದ ಹಾಗೇ ಬಂತು.

'ಹೋಗ್ಲಿ ಬಿಡ್ರಿ, ಮನಸ್ಸಿಗೆ ಹಚ್ಕೋಬ್ಯಾಡ್ರಿ,' ಅಂತ ಅವರೇ ನನಗೆ ಸಮಾಧಾನ ಹೇಳಿ ಚಹಾ ಕುಡಿಸಿ ಕಳಿಸಿದರು.

ಆಗಸ್ಟಿನಲ್ಲಿ ಹತ್ತು ದಿನ ಸೂರ್ಯನ ಮುಖವೂ ಕಾಣಲಿಲ್ಲ. ಬೇಜಾರಿಗೆ ಹಳೆಯ ಫೋಟೊಗಳನ್ನು ತೆಗೆದು ತಿದ್ದುತ್ತ ಕೂತೆ. ಮೋಡದ ದಿನಗಳಲ್ಲಿ ನಮ್ಮವರೆಲ್ಲ ಮಾಡುವ ಕೆಲಸವೇ ಅದು. ಪಾದದ ಚಿತ್ರ ಚೆನ್ನಾಗಿ ಬಂತು. ಹೊಗಳಿಕೆಯ ಆಸೆ ತಡೆಯಲಾಗದೆ, ಕಾಕಾ ಕೇಳಿದರೆ ಬೇರೆ ರಾತ್ರಿಯದು ಅಂದರಾಯಿತು ಅಂತ ಗುಂಪಿಗೆ ಹಾಕಿದೆ. ನಮ್ಮಲ್ಲಿ ಒಂದು ಪದ್ಧತಿಯಿದೆ: ಚಿತ್ರದ ಕೆಳಗೆ ಯಾವ ರಾತ್ರಿ, ಯಾವ ಜಾಗ, ಎಷ್ಟು ಫೋಟೊ ಸೇರಿಸಿದ್ದು ಅಂತ ಬರೆಯಬೇಕು. ಕೈಗೆ ರೂಢಿಯಾದದ್ದು, ಬರೆದೇಬಿಟ್ಟಿತು. ಜನವರಿಯ ಅದೇ ರಾತ್ರಿ, ಅದೇ ಬಯಲು.

ಮೊದಲ ಉತ್ತರ ಕಾಕಾ ಅವರದು. 'ಭಾಳ ಛಂದ ಬಂದೈತ್ರಿ.' ಅದನ್ನು ಓದಿದ ಮೇಲೆಯೇ ನಾನು ಬರೆದದ್ದು ನನ್ನ ಕಣ್ಣಿಗೆ ಬಿದ್ದದ್ದು. ಅಳಿಸಿ ಏನು ಪ್ರಯೋಜನ? ಬೇರೆ ಯಾರಾದರೂ ಆ ಸಾಲು ಓದದೆ ಬಿಟ್ಟಾರು, ಕಾಕಾ ಚಿತ್ರಕ್ಕಿಂತ ಮೊದಲು ಅದನ್ನೇ ಓದುವವರು.

ಮರುದಿನ ಮೆಟ್ಟಿಲ ಮೇಲೆ ಸಿಕ್ಕರು. ಈಗ ಕೇಳುತ್ತಾರೆ ಅಂದುಕೊಂಡು ಗೋಡೆಗೆ ಸರಿದು ದಾರಿ ಬಿಟ್ಟೆ. 'ಬಣ್ಣ ಒಂದೀಟು ಜಾಸ್ತಿ ಆಗೇತ್ರಿ, ಕಮ್ಮಿ ಮಾಡ್ರಿ,' ಅಂದು ಇಳಿದು ಹೋದರು. ನಿಜವಾಗಿಯೂ ಬಣ್ಣ ಜಾಸ್ತಿಯೇ ಆಗಿತ್ತು. ಅದಕ್ಕೇ ಇನ್ನಷ್ಟು ಉರಿಯಿತು. ಆಗಲಾದರೂ ಕೊಡಬಹುದಿತ್ತು... ಕೊಡಲಿಲ್ಲ.

ಪಾದವಿಲ್ಲದ ಬೇಟೆಗಾರನನ್ನು ಯಾರಿಗೂ ತೋರಿಸದೆಯೇ ಕಾಕಾ ನಿವೃತ್ತರಾದರು. ಆ ವರ್ಷ ಆಕಾಶ ತಿಳಿಯಾದದ್ದು ದೀಪಾವಳಿ ಕಳೆದ ಮೇಲೆ. ಕಾಕಾ ಅದಕ್ಕೆ ಮೊದಲೇ... ಎದೆನೋವು ಅಂದರು, ಆಸ್ಪತ್ರೆ ಮುಟ್ಟಲಿಲ್ಲ.

ಈಗ ಮತ್ತೆ ಮಳೆಗಾಲ. ಇಷ್ಟು ವರ್ಷ ತಳ್ಳಿಕೊಂಡು ಬಂದದ್ದನ್ನು ಮೊನ್ನೆ ತಳ್ಳಲಾಗಲಿಲ್ಲ. ಕಾಕು ಹತ್ತಿರ ಅವರ ಡಿಸ್ಕ್ ಕೇಳಿ ತಂದು ನಾಲ್ಕೂ ತುಂಡು ಹೊಲಿದೆ. ಎಷ್ಟು ತಿದ್ದಿದರೂ ನನ್ನ ಮೂಲೆ ಮಾತ್ರ ಒರಟಾಗಿಯೇ ಕಂಡಿತು. ಸತ್ತವರ ಮೇಲೂ ಹೊಟ್ಟೆಕಿಚ್ಚು ಪಡುವವನು ನಾನು. ದೊಡ್ಡದಾಗಿ ಪ್ರಿಂಟ್ ಹಾಕಿಸಿ, ನಿನ್ನೆ ಮೇಲೆ ತೆಗೆದುಕೊಂಡು ಹೋದೆ.

ಕಾಕು ಕನ್ನಡಕ ಏರಿಸಿಕೊಂಡು ಬಹಳ ಹೊತ್ತು ನೋಡಿದರು. ಆಮೇಲೆ ಆ ಮೂಲೆಯ ಮೇಲೆ ಬೆರಳಿಟ್ಟರು. 'ಇದು ನಿಮ್ಮದಲ್ರೀ? ಅಳಿಸಿ ಹೋಗಿತ್ತಂತಲ್ಲ. ಪಾಪ, ನಿಮ್ಮ ಡಿಸ್ಕ್ ಕೆಟ್ಟುಹೋತು ಅಂತ ನಮ್ಮವರು ಕಡೀತನಕ ನಿಮ್ಮ ಸಲುವಾಗಿ ಮರಗ್ತಿದ್ರು. ಈಗ ಸಿಕ್ತೇನ್ರಿ?'

ಎಲ್ಲ ಗೊತ್ತಿದ್ದೂ ಹೆಂಡತಿಯ ಮುಂದೆ ಸಹ ನನ್ನ ಮಾನ ಕಾಪಾಡಿದ್ದರು. ಅದರಲ್ಲೂ ನಾನು ಅವರ ಸಮಕ್ಕೆ ಬರಲಾರೆ.

'ಹೂಂ ಕಾಕು, ಸಿಕ್ತು,' ಅಂದೆ. ಎರಡನೆಯ ಸಲ, ಅದೇ ಮನೆಯಲ್ಲಿ, ಮತ್ತೆ ಸುಳ್ಳೇ ಹೇಳಿದೆ.